ಮುಖ ತಿರುಗಿಸಿದ ಸೀಟು

“ಯಾರು ತಿರುಗಿಸಿದ್ದು ಅದನ್ನ?”

ಊರಿಗೆಲ್ಲ ‘ಆಗಲಿ ಸಾರ್’ ಎನಿಸಿಕೊಂಡವರು ಈ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಬಸ್ ನಿಲ್ದಾಣದ ಮಾಳಿಗೆಯ ಗಾಜಿನ ಗೂಡಿನಲ್ಲಿ ಒಬ್ಬರೇ ಕೂತು, ಎದುರಿನ ಬರಿಗೋಡೆಯನ್ನು ನೋಡುತ್ತ, ತಮ್ಮಷ್ಟಕ್ಕೆ ತಾವೇ ಆಡಿಕೊಂಡ ಮಾತು ಅದು. ಆದರೆ ಬಸ್ಸುಗಳು ಬರುವುದನ್ನೂ ಹೊರಡುವುದನ್ನೂ ಸಾರುವುದೇ ಅವರ ಉದ್ಯೋಗ. ಮೂಗಿನ ಮುಂದೆ ಮೈಕು, ಮೈಕಿನ ಗುಂಡಿಯ ಮೇಲೆ ಅವರ ಮೊಣಕೈ. ಹೀಗಾಗಿ ಆ ಅಂತರಂಗದ ಪ್ರಶ್ನೆ ನಿಲ್ದಾಣದ ಮೂಲೆಮೂಲೆಯ ಧ್ವನಿವರ್ಧಕಗಳಲ್ಲಿ ಅಶರೀರವಾಣಿಯಾಗಿ ಮೊಳಗಿತು. ಅಶರೀರವಾಣಿ ಕೇಳಿ ಪುರಾಣದ ರಾಜಮಹಾರಾಜರೇ ಬೆವರಿದ್ದಾರೆ. ಬಸ್ಸಿನವರ ಪಾಡೇನು?

ಮೊದಲು ಒಬ್ಬ ಡ್ರೈವರ್ ಮೆಟ್ಟಿಲು ಹತ್ತಿ ಬಂದ. “ನಾನೇ ಸಾರ್. ಬೋರ್ಡು ತಿರುಗಿಸಿಟ್ಟಿದ್ದು ನಾನೇ. ಯಾವೂರಿನ ಬಸ್ಸು ಅಂತ ಗೊತ್ತಾದ್ರೆ ಜನ ಹತ್ತಿಬಿಡ್ತಾರೆ ಸಾರ್, ನೆಮ್ಮದಿಯಾಗಿ ತಿಂಡಿ ತಿನ್ನೋಕೆ ಬಿಡಲ್ಲ.”

ಅವನ ಹಿಂದೆಯೇ ಟಿಕೆಟ್ ಕೌಂಟರಿನಾಕೆ. “ಫ್ಯಾನು ನನ್ನ ಕಡೆ ತಿರುಗಿಸಿಕೊಂಡಿದ್ದು ತಪ್ಪಾ? ಅದನ್ನ ಮೈಕಲ್ಲಿ ಕೇಳ್ಬೇಕಿತ್ತಾ?”

ಆಮೇಲೆ ಒಬ್ಬ ಮುದುಕಿ, ಕೈಯಲ್ಲಿ ಗಂಟು. “ನನ್ನ ಸೊಸೆ ಮುಖಾನ ನಾನು ತಿರುಗಿಸಿಲ್ಲಪ್ಪ. ಬಸ್ಸಲ್ಲಿ ಕೂತಾಗಿಂದ ಅವಳಾಗೇ ತಿರುಗಿಸ್ಕೊಂಡಿರೋದು. ಅದನ್ನೂ ಮೈಕಲ್ಲಿ ಹೇಳಿಬಿಡು.”

ಕೊನೆಗೆ ನಿಲ್ದಾಣದ ಕಂಟ್ರೋಲರ್ ಸಾಹೇಬರೇ ಬಂದು ಬಾಗಿಲು ಹಾಕಿಕೊಂಡರು. ಅವರ ದನಿ ಅರ್ಧಕ್ಕೆ ಇಳಿದಿತ್ತು. “ನೋಡಿ, ಕ್ಯಾಮೆರಾ ಗೋಡೆ ಕಡೆ ತಿರುಗಿಸಿದ್ದು ಹೌದು. ಊಟ ಆದ್ಮೇಲೆ ಸ್ವಲ್ಪ ಕಣ್ಣು ಎಳೆಯುತ್ತೆ. ಮೇಲಿನವರಿಗೆ ತಿಳಿಸಿದ್ದೀರಾ ಹೇಗೆ?”

ಹೀಗೆ ಒಂದು ಇಡೀ ನಿಲ್ದಾಣ ತಪ್ಪೊಪ್ಪಿಕೊಂಡಿತು. ಆದರೆ ಆಗಲಿ ಸಾರ್ ಹುಡುಕುತ್ತಿದ್ದ ಅಪರಾಧಿ ಮಾತ್ರ ಮೆಟ್ಟಿಲು ಹತ್ತಿ ಬರಲಿಲ್ಲ. ಬರುವುದಕ್ಕೆ ಅದಕ್ಕೆ ಕಾಲಿದೆಯೋ ಇಲ್ಲವೋ ಎಂಬುದೇ ಅವರ ಸಂಶಯ.

ಈ ಸಂಶಯದ ಬುಡ ಕೆದಕಿದರೆ ಅಲ್ಲಿ ಸಿಗುವುದು ಒಂದು ಸಣ್ಣ ಜಂಬ.

ಆಗಲಿ ಸಾರ್ ಅವರಿಗೆ ಆ ಹೆಸರು ಬಂದದ್ದು ಅವರ ಬಾಯಿಂದಲೇ. ಯಾರು ಏನೇ ಕೇಳಲಿ, “ಆಗಲಿ” ಎನ್ನುವರು. ರಜೆ ಬಿಟ್ಟುಕೊಡುತ್ತೀರಾ ಎಂದರೆ ಆಗಲಿ, ಛತ್ರಿ ಕೊಡುತ್ತೀರಾ ಎಂದರೆ ಆಗಲಿ. ಛತ್ರಿ ಕಳೆದುಹೋಯಿತು ಎಂದರೂ ಆಗಲಿ. ಇಂಥವರ ಒಬ್ಬಳೇ ಮಗಳು ತುಂಬಿದ ಬಸುರಿ. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ತಂದೆಯ ಬಾಯಿಗೆ ತದ್ವಿರುದ್ಧ. ಹೆರಿಗೆಯಾದ ಮೇಲೆ ಬಾಣಂತನ ತವರಿನಲ್ಲೋ ಗಂಡನ ಮನೆಯಲ್ಲೋ ಎಂದು ಎರಡೂ ಕಡೆ ಎಳೆದಾಟ ನಡೆದಿತ್ತು. ಆಗ ಸಿಮೆಂಟು ಅಂಗಡಿಯ ಬೀಗರು ಫೋನು ಮಾಡಿದರು.

“ಬೀಗ್ರೇ, ಆಸ್ಪತ್ರೆಗೆ ನಮ್ಮ ಕಾರೇ ಬರುತ್ತೆ ಬಿಡಿ. ನಿಮ್ಮ ಬೆಂಕಿಪೊಟ್ಟಣದಲ್ಲಿ ನೀವು ಕೂತ್ರೆ ನಿಮ್ಮ ಕನ್ನಡಕಕ್ಕೆ ಜಾಗ ಇರಲ್ಲ, ಇನ್ನು ಮಗು ಎಲ್ಲಿ ಕೂರುತ್ತೆ?”

ಆಗಲಿ ಎನ್ನಬೇಕಾದ ಬಾಯಿ ಆವತ್ತು ಅದೇಕೋ ಜಾರಿತು. “ಮಗು ಸೀಟು ಆಗಲೇ ತಂದಾಯ್ತು ಬೀಗ್ರೇ. ಕನ್ವರ್ಟಿಬಲ್ಲು. ಹಿಂದಕ್ಕೂ ಕಟ್ಟಬಹುದು, ಮುಂದಕ್ಕೂ ಕಟ್ಟಬಹುದು. ಹುಟ್ಟಿದ ದಿನದಿಂದ ಸ್ಕೂಲಿಗೆ ಹೋಗೋ ತನಕ ಒಂದೇ ಸೀಟು.” ಕನ್ವರ್ಟಿಬಲ್ ಎಂಬ ಮಾತನ್ನು ಅವರು ಅದೇ ಬೆಳಿಗ್ಗೆ ಯಾರದೋ ಬಾಯಲ್ಲಿ ಕೇಳಿದ್ದರು. ಸೀಟು ತಂದದ್ದಿರಲಿ, ಕಂಡೂ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರುಂಟು. ಹೊಲಿಸದ ಕುಲಾವಿಯ ಬಣ್ಣ ಹೊಗಳಿದವರು ಇವರೊಬ್ಬರೇ.

ಈ ಮಾತು ಮಗಳ ಕಿವಿಗೆ ಮುಟ್ಟಿತು. ಅವಳು ಎರಡೂ ಮನೆಗೆ ಒಂದೇ ತೀರ್ಪು ಕೊಟ್ಟಳು: “ಯಾರ ಕಾರಲ್ಲಿ ಸೀಟು ಸರಿಯಾಗಿ, ಹಿಂದಕ್ಕೆ ಮುಖ ಮಾಡಿ ಕೂತಿರುತ್ತೋ ಆ ಕಾರಲ್ಲಿ ಬರ್ತೀನಿ. ಆ ಮನೇಲೇ ಬಾಣಂತನ. ಎಳೇ ಮಗು ಕುತ್ತಿಗೆ ತಲೆಯ ಭಾರ ತಡೆಯಲ್ಲ. ಬ್ರೇಕ್ ಹಾಕಿದ್ರೆ ಬೆನ್ನಿಗೆ ಸೀಟು ಆಸರೆ ಇರಬೇಕು. ದಿನಾ ಮೂಳೆ ನೋಡೋಳು ನಾನು. ಇಬ್ಬರ ಕಾರಲ್ಲೂ ಇಲ್ವಾ, ಆಸ್ಪತ್ರೆ ಕ್ವಾರ್ಟರ್ಸಲ್ಲೇ ಇರ್ತೀನಿ.” ಆಮೇಲೆ ಅಪ್ಪನಿಗೆ ಮಾತ್ರ ಮೆಲ್ಲಗೆ: “ನಿನ್ನ ಕಾರಿನ ಭಯ ಇಲ್ಲ ಅಪ್ಪಾ. ನಿನ್ನ ಬಾಯಿದೇ ಭಯ. ಯಾರಾದ್ರೂ ಏನಾದ್ರೂ ಕೇಳ್ತಾರೆ, ನೀನು ಆಗಲಿ ಅಂದುಬಿಡ್ತೀಯ.”

“ಹಾಗೇನಿಲ್ಲ, ಆಗಲಿ” ಎಂದರು ಆಗಲಿ ಸಾರ್.

ಮಕ್ಕಳ ಸೀಟಿನ ಅಂಗಡಿಗೆ ಹೋಗುವಾಗ ಅವರು ಕಾರಿನ ಹಿಂದಿನ ಜಾಗವನ್ನು ಅಳೆದುಕೊಂಡೇ ಹೋಗಿದ್ದರು. ಅಳತೆ ಪಟ್ಟಿ ಸಿಗದೆ ಪೈಜಾಮದ ಎಲಾಸ್ಟಿಕ್ಕಿನಲ್ಲಿ ಅಳೆದು ಗಂಟು ಹಾಕಿದ್ದರು. ಅಂಗಡಿಯ ಹುಡುಗಿ ಅದನ್ನು ಹಿಡಿದು ಎಳೆದಳು, ಬಂತು. ಇನ್ನೂ ಎಳೆದಳು, ಇನ್ನೂ ಬಂತು.

“ಸರ್, ಈ ಅಳತೇಲಿ ನಿಮ್ಮದು ಬಸ್ಸು.”

ಕೊನೆಗೆ ಒಂದೊಂದೇ ಸೀಟನ್ನು ಬೀದಿಗೆ ಹೊತ್ತು ತಂದು ಕಾರಿನಲ್ಲೇ ಇಟ್ಟು ನೋಡಿದರು. ಮೊದಲನೆಯದು ಬಾಗಿಲಲ್ಲೇ ಸಿಕ್ಕಿಕೊಂಡಿತು. ಇನ್ನೊಂದು ಒಳಗೆ ಹೋಯಿತು, ಆದರೆ ಮುಂದಿನ ಸೀಟನ್ನು ನೂಕಿ ನೂಕಿ ಗಾಜಿಗೆ ಮುತ್ತು ಕೊಡಿಸಿತು. ಬೆಲೆ ಕೇಳಿದರೆ ಆ ಬೆಲೆಗೆ ಕಾರನ್ನೇ ಮಾರಬೇಕು.

“ಬೆಲೆ ಇರೋದು ಮೆತ್ತೆಗೆ, ಬಟ್ಟೆಗೆ ಸರ್” ಎಂದಳು ಹುಡುಗಿ. “ಸೇಫ್ಟಿ ಪರೀಕ್ಷೆ ಪಾಸಾಗಿರೋದು ಎಲ್ಲಾ ಒಂದೇ. ಸಣ್ಣ ಕಾರಿಗೆ ಕಿರಿದಾಗಿರೋದು ನೋಡ್ಬೇಕು, ಅಷ್ಟೆ.” ಆಮೇಲೆ ಸ್ವಲ್ಪ ತಡೆದು, “ಒಂದಿದೆ. ಕಿಟಕೀಲಿ ಇಟ್ಟು ಬಣ್ಣ ಮಾಸಿದೆ, ಅದಕ್ಕೆ ಅಗ್ಗ” ಎಂದಳು.

ಅಂಗಡಿಯ ಗಾಜಿನ ಕಿಟಕಿಯಲ್ಲಿ ಬೂದು ಬಣ್ಣದ ಕಿರಿದಾದ ಸೀಟು ಬೀದಿಯ ಕಡೆ ಮುಖ ಮಾಡಿ ಕೂತಿತ್ತು. ಅದರಲ್ಲಿ ಬೆಲ್ಟು ಬಿಗಿದುಕೊಂಡು, ಎರಡೂ ಕೈ ಮುಂದೆ ಚಾಚಿ, ನಿಜವಾದ ಮಗುವಿನಷ್ಟೇ ಇದ್ದ ಒಂದು ಗೊಂಬೆ. ಬಿಸಿಲಿಗೆ ಅದರ ಕೆನ್ನೆಯ ಕೆಂಪು ಹೋಗಿತ್ತು, ಕಣ್ಣಿನ ಕಪ್ಪು ಉಳಿದಿತ್ತು.

ಬಸ್ಸಿನವರ ನಡುವೆ ಬೆಳೆದ ನಾಲಿಗೆ. ಆಗಲಿ ಸಾರ್ ತಮಗರಿವಿಲ್ಲದೆ ಬಗ್ಗಿ, “ಸ್ವಲ್ಪ ಜಾಗ ಬಿಡ್ತೀಯಾಪ್ಪಾ?” ಎಂದು ಗೊಂಬೆಯನ್ನು ಕೇಳಿದರು. ಹುಡುಗಿ ನಗಲಿಲ್ಲ. ಗೊಂಬೆಯನ್ನು ಬಿಡಿಸಿ ಒಂದು ಸ್ಟೂಲಿನ ಮೇಲೆ ಕೂರಿಸಿದಳು. ಅದು ಚಾಚಿದ ಕೈಯಲ್ಲೇ ಬೀದಿ ನೋಡುತ್ತ ಉಳಿಯಿತು. ಸೀಟು ಕಾರಿನೊಳಗೆ ಅಳೆದು ಹೊಲಿಸಿದ ಹಾಗೆ ಕೂತಿತು. ಆದರೆ ಅದರ ಮೆತ್ತೆಯಲ್ಲೊಂದು ಪುಟ್ಟ ತಗ್ಗು. ಕೈಯಾಡಿಸಿದರೆ ಹೋಗುವುದು, ಸ್ವಲ್ಪ ಹೊತ್ತಿಗೆ ಮತ್ತೆ ಬರುವುದು.

ಸೀಟನ್ನು ಹಿಂದಕ್ಕೆ ಮುಖ ಮಾಡಿ ಕಟ್ಟುವುದು ಹಗುರ ಕೆಲಸವಲ್ಲ. ಬೆಲ್ಟನ್ನು ಒಂದು ಸಂದಿಯಲ್ಲಿ ತೂರಿಸಿ ಇನ್ನೊಂದರಲ್ಲಿ ಎಳೆದು, ಮೊಣಕಾಲು ಊರಿ, ಉಸಿರು ಕಟ್ಟಿ ಬಿಗಿಯಬೇಕು. ಬದಿಯಲ್ಲಿ ಮೇಸ್ತ್ರಿಯ ರಸಮಟ್ಟದ ಹಾಗೆ ಒಂದು ಗಾಜಿನ ಕೊಳವೆ, ಒಳಗೊಂದು ಗುಳ್ಳೆ. ಗುಳ್ಳೆ ನಡುವಿನಲ್ಲಿ ನಿಂತರೆ ಇಳಿಜಾರು ಸರಿ. ಆಗಲಿ ಸಾರ್ ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ಒಂದಿಡೀ ಭಾನುವಾರ ಗುದ್ದಾಡಿದರು. ಬೆಲ್ಟು ಬಿಗಿಯಾಯಿತೋ ಸೊಂಟ ಬಿಗಿಯಾಯಿತೋ ತಿಳಿಯಲಿಲ್ಲ. ಗುಳ್ಳೆ ಮಾತ್ರ ಕೊನೆಯವರೆಗೂ ಒಂದು ಮೂಲೆ ಹಿಡಿದೇ ಇತ್ತು.

ಮಾರನೆಯ ಬೆಳಿಗ್ಗೆ ನೋಡಿದರೆ ಸೀಟು ಮುಂದಕ್ಕೆ ತಿರುಗಿತ್ತು.

ಪಾರ್ಕಿಂಗಿನ ಟ್ಯೂಬ್‌ಲೈಟು ಹತ್ತುತ್ತ ಆರುತ್ತ ಇತ್ತು. ಕಾರಿನ ಗಾಜು ಏರಿಸಿದ್ದು ಏರಿಸಿದ ಹಾಗೇ ಇತ್ತು. ಒಳಗೆ ಗಾಳಿಯಿಲ್ಲ, ಆದರೂ ಸೀಟಿನ ಪುಟ್ಟ ಬೆಲ್ಟಿನ ತುದಿ ಯಾರೋ ಈಗಷ್ಟೇ ಬಿಚ್ಚಿಟ್ಟ ಹಾಗೆ ಮೆಲ್ಲಗೆ ತೂಗಾಡುತ್ತಿತ್ತು. ಆಗಲಿ ಸಾರ್ ಮೊದಲು ತಮ್ಮನ್ನೇ ಅನುಮಾನಿಸಿದರು. ಚಪ್ಪಲಿಯನ್ನೇ ಅದಲು ಬದಲು ಹಾಕುವ ಮನುಷ್ಯ. ಸೀಟನ್ನೂ ಹಾಗೇ ಕಟ್ಟಿರಬಹುದು. ಮತ್ತೆ ತಿರುಗಿಸಿ ಕಟ್ಟಿದರು. ವಾಚ್‌ಮನ್ನನ್ನು ಕೇಳಿದರೆ, “ಅಯ್ಯೋ ಸಾರ್, ನಾನು ಇರುವೆ ಒಳಗೆ ಬಂದ್ರೂ ಯಾವ ಮನೆಗೆ ಅಂತ ಕೇಳಿ ಬಿಡೋನು” ಎಂದ. ಹೇಳುವಾಗ ಅವನ ಕಣ್ಣು ಕಾರಿನ ಕಡೆ ಹೋಗಲಿಲ್ಲ.

ಅದೇ ದಿನ ಇನ್ನೊಂದು ಕಾಟ ಹುಟ್ಟಿತು. ಕೆಲಸಕ್ಕೆ ಹೋಗುವಾಗ ಆ ಅಂಗಡಿಯ ಬೀದಿ ದಾಟುತ್ತಿದ್ದಂತೆ ಕಾರು ‘ಟಿಣ್ ಟಿಣ್’ ಎನ್ನತೊಡಗಿತು. ಮುಂದಿನ ಹಲಗೆಯಲ್ಲಿ ಕೆಂಪು ದೀಪ: ಹಿಂದೆ ಕೂತವರು ಬೆಲ್ಟು ಹಾಕಿಲ್ಲ. ಆಗಲಿ ಸಾರ್ ಹಿಂದೆ ನೋಡಿದರು. ಹಿಂದೆ ಕೂತವರೇ ಇಲ್ಲ.

ಚೌಕದಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಿಡಿದ. ಟಿಣ್ ಟಿಣ್ ನಿಲ್ಲಲಿಲ್ಲ. “ಸ್ವಲ್ಪ ಸುಮ್ನಿರಪ್ಪಾ” ಎಂದರು ಆಗಲಿ ಸಾರ್.

“ಯಾರಿಗ್ರೀ ಹೇಳಿದ್ದು?” ಎಂದ ಪೊಲೀಸು.

“ನಿಮಗಲ್ಲ ಸಾರ್. ಹಿಂದೆ ಇರೋರಿಗೆ.”

ಪೊಲೀಸು ಬಗ್ಗಿ ನೋಡಿದ. “ಹಿಂದೆ ಯಾರೂ ಇಲ್ವಲ್ರೀ!”

“ನಿಮಗೂ ಕಾಣ್ತಿಲ್ವಾ? ಸದ್ಯ. ನನ್ನ ಕಣ್ಣಿಗೇ ಏನೋ ಆಗಿದೆ ಅಂದ್ಕೊಂಡಿದ್ದೆ.”

ಪೊಲೀಸು ದೀಪ ನೋಡಿದ, ಸೀಟು ನೋಡಿದ, ಮತ್ತೆ ದೀಪ ನೋಡಿದ. ಕಾನೂನು ಕಾನೂನೇ ತಾನೇ? “ಬೆಲ್ಟ್ ಹಾಕಿಸಿ” ಎಂದ. ಆಗಲಿ ಸಾರ್ ಇಳಿದು, ಯಾರೂ ಇಲ್ಲದ ಸೀಟಿಗೆ ಭಕ್ತಿಯಿಂದ ಅದರ ಪುಟ್ಟ ಬೆಲ್ಟು ಹಾಕಿದರು. ಟಿಣ್ ಟಿಣ್ ನಿಂತಿತು. ನಿಂತದ್ದಕ್ಕೆ ಪೊಲೀಸು ಎರಡು ಹೆಜ್ಜೆ ಹಿಂದೆ ಸರಿದು, ಕಾರಿಗೆ ದಾರಿ ಬಿಟ್ಟುಕೊಟ್ಟ. ಅವನ ಕೈ ತಾನಾಗಿ ಹಣೆಗೆ ಹೋಗಿತ್ತು. ಸಲಾಮು ಯಾರಿಗೆಂದು ಅವನೂ ಹೇಳಲಾರ.

ಮೆಕ್ಯಾನಿಕ್ಕು ಬಾನೆಟ್ಟು ತೆಗೆದು, ಮುಚ್ಚಿ, ಕೈ ಒರೆಸಿಕೊಂಡ. “ಸೀಟಿನ ಭಾರಕ್ಕೆ ಕೂಗೋದಾದ್ರೆ ಯಾವಾಗಲೂ ಕೂಗ್ಬೇಕು ಸಾರ್. ಇದು ಒಮ್ಮೆ ಕೂಗುತ್ತೆ, ಒಮ್ಮೆ ಸುಮ್ನಿರುತ್ತೆ. ಗಾಡಿ ಲೆಕ್ಕದಲ್ಲಿ ನಿಮ್ಮ ಹಿಂದೆ ಯಾರೋ ಹತ್ತುತ್ತಾರೆ, ಇಳಿತಾರೆ.”

“ರಿಪೇರಿ?”

“ಗಾಡೀಲಿ ಏನೂ ಕೆಟ್ಟಿಲ್ಲ ಸಾರ್” ಎಂದ ಮೆಕ್ಯಾನಿಕ್ಕು, ಬೇರೆ ಏನೋ ಕೆಟ್ಟಿದೆ ಎಂಬಂತೆ.

ಸುದ್ದಿಗೆ ಕಾಲು ಬೇಕೆ? ಸಂಜೆಯ ಹೊತ್ತಿಗೆ ಅಕ್ಕಪಕ್ಕದ ಮನೆಯವರು ಆ ಕಾರಿನ ಪಕ್ಕ ತಮ್ಮ ಸ್ಕೂಟರು ನಿಲ್ಲಿಸುವುದನ್ನು ಬಿಟ್ಟರು. ಕೆಳಗಿನ ಮನೆಯಾಕೆ, “ನಿಮ್ಮ ಕಾರಲ್ಲಿ ಮಗು ಅಳೋದು ಕೇಳಿಸ್ತು” ಎಂದಳು. “ಯಾವಾಗ?” ಎಂದರೆ, “ಅಳು ನಿಂತಾಗ ಗೊತ್ತಾಯ್ತು” ಎಂದಳು. ಇಂಥ ಸಾಕ್ಷಿಗೆ ಪಾಟೀಸವಾಲು ಹಾಕುವ ವಕೀಲ ಇನ್ನೂ ಹುಟ್ಟಿಲ್ಲ.

ಮರುದಿನ ಬೆಳಿಗ್ಗೆ ಸೀಟು ಮತ್ತೆ ಮುಂದಕ್ಕೆ ತಿರುಗಿತ್ತು. ಅವತ್ತೇ ಆಗಲಿ ಸಾರ್ ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಮುಂದೆ, ಆ ಪ್ರಶ್ನೆ ಕೇಳಿದ್ದು.

ಕಂಟ್ರೋಲರ್ ಸಾಹೇಬರು ತಮ್ಮ ಕ್ಯಾಮೆರಾದ ಗುಟ್ಟು ಕಾಯಲೆಂದು ಅವರನ್ನು ಅರ್ಧ ದಿನಕ್ಕೇ ಮನೆಗೆ ಕಳಿಸಿದರು. ಮನೆಯಲ್ಲಿ ಹೆಂಡತಿ, ಮೇಲಿನ ಮನೆಯ ರಿಟೈರ್ಡ್ ಬಸ್ ಡ್ರೈವರ್, ವಾಚ್‌ಮನ್ ಮೂವರೂ ಏನೋ ಗುಸುಗುಸು ಮಾತಾಡುತ್ತ ಕೂತಿದ್ದವರು, ಇವರನ್ನು ಕಂಡು ಗಪ್‌ಚುಪ್ಪಾದರು.

ಆಗಲಿ ಸಾರ್ ಮೈಕಿನ ದನಿಯಲ್ಲೇ ಕೇಳಿದರು. “ಯಾರು ತಿರುಗಿಸಿದ್ದು ಅದನ್ನ?”

ಹೆಂಡತಿ ಸೆರಗು ಬಿಗಿದಳು. “ಮೊದಲನೇ ಸಲ ನಾನೇ ರೀ. ವಾಚ್‌ಮನ್ ಬೆಲ್ಟು ಎಳೆದ, ನಾನು ಮೇಲೆ ಕೂತೆ. ಏನೀಗ? ಮೊಮ್ಮಗು ಮೊದಲನೇ ಸಲ ಮನೆಗೆ ಬರ್ತಾ ಇದೆ. ಮುನಿಸಿಕೊಂಡ ನೆಂಟರ ಹಾಗೆ ಮನೆಗೆ ಬೆನ್ನು ಹಾಕ್ಕೊಂಡು ಬರಬೇಕಾ? ಒಳ್ಳೇ ಲಕ್ಷಣ!”

“ಎರಡನೇದು ನಾನು” ಎಂದ ಮೇಲಿನ ಮನೆಯವ. “ಜೀವಮಾನವೆಲ್ಲ ಬಸ್ಸು ಓಡಿಸಿದೋನು ನಾನು. ಹಿಂದುಮುಂದಾಗಿ ಕೂತೋರು ವಾಂತಿ ಮಾಡ್ಕೊಳ್ಳದೆ ಇಳಿದಿದ್ದು ಕಂಡೇ ಇಲ್ಲ. ಪಾಪ, ಎಳೇ ಕೂಸು.”

“ನಾನು ಬರೀ ಟಾರ್ಚು ಹಿಡಿದಿದ್ದು ಸಾರ್” ಎಂದ ವಾಚ್‌ಮನ್.

ಭೂತ ಬಿಟ್ಟುಹೋದ ಸಂತೋಷದಲ್ಲಿ ಆಗಲಿ ಸಾರ್ ಅವರಿಗೆ ಕೋಪ ಬರಲಿಲ್ಲ. ಅದೇ ಎಡವಟ್ಟಾದದ್ದು. ಹೆಂಡತಿ ಅವರ ಕೈ ಹಿಡಿದು, “ಹೇಗೂ ತಿರುಗಿದೆ. ಹಾಗೇ ಇರಲಿ ಬಿಡಿ. ಅವಳಿಗೆ ಹೇಳೋದು ಬೇಡ. ಆಸ್ಪತ್ರೆ ಬಾಗಿಲಲ್ಲಿ ನೋಡಿ ಏನು ಮಾಡ್ತಾಳೆ?” ಎಂದಳು. ಮೇಲಿನ ಮನೆಯವ, ವಾಚ್‌ಮನ್ ಇಬ್ಬರೂ ತಲೆಯಾಡಿಸಿದರು.

ಆಗಲಿ ಸಾರ್ ಬಾಯಿ ತೆರೆದರು. ಬಾಯಿಗೆ ಬೇರೆ ದಾರಿ ಗೊತ್ತಿರಲಿಲ್ಲ. “ಆಗಲಿ.”

ಅಂದು ಸಂಜೆಯೇ ಮಗಳಿಗೆ ಹೆರಿಗೆಯಾಯಿತು. ತಾಯಿ ಮಗು ಸುಖ. ಆಸ್ಪತ್ರೆಯಿಂದ ಕಳಿಸುವ ದಿನ ಬಂತು. ಹಿಂದಿನ ಸಂಜೆ ಆಗಲಿ ಸಾರ್ ಕೆಳಗಿಳಿದು ಮುಂದಕ್ಕೆ ತಿರುಗಿದ ಸೀಟನ್ನು ನೋಡಿದರು. ಮಗಳು ಹೇಳಿದ ಎಳೆ ಕುತ್ತಿಗೆ ನೆನಪಾಯಿತು. ಆದರೆ ಆಗಲಿ ಎಂದಾಗಿತ್ತು. ಮತ್ತೆ ಯಾರೂ ಕೈಯಾಡಿಸುವುದು ಬೇಡವೆಂದು ಕಾರಿಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಕೈಯನ್ನು ತಮ್ಮ ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು.

ಬೆಳಿಗ್ಗೆ ಕೀಲಿಕೈ ದಿಂಬಿನ ಕೆಳಗೇ ಇತ್ತು. ಕಾರಿಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಸೀಟು ಹಿಂದಕ್ಕೆ ತಿರುಗಿತ್ತು.

ಬರೀ ತಿರುಗಿರಲಿಲ್ಲ. ಬೆಲ್ಟು ತಂತಿಯ ಹಾಗೆ ಬಿಗಿಯಾಗಿತ್ತು. ಅಲುಗಾಡಿಸಿದರೆ ಕಾರು ಅಲುಗಿತು, ಸೀಟು ಅಲುಗಲಿಲ್ಲ. ಕೊಳವೆಯ ಗುಳ್ಳೆ, ಅವರ ಭಾನುವಾರಕ್ಕೆಲ್ಲ ಬಗ್ಗದ ಆ ಗುಳ್ಳೆ, ಧ್ಯಾನಕ್ಕೆ ಕೂತ ಹಾಗೆ ನಟ್ಟನಡುವೆ ನಿಂತಿತ್ತು. ಮೆತ್ತೆಯ ತಗ್ಗು ಇರಲಿಲ್ಲ.

“ನೀನಾ?” ಎಂದರು ಹೆಂಡತಿಗೆ. ಅವಳು ಬಿಳಿಚಿಕೊಂಡಳು. “ನಾನ್ಯಾಕೆ ಹಿಂದಕ್ಕೆ ತಿರುಗಿಸಲಿ ರೀ?” ಮೇಲಿನ ಮನೆಯವ ಎರಡೂ ಕೈ ಎತ್ತಿದ. ವಾಚ್‌ಮನ್ ಅಲ್ಲಿ ಇರಲೇ ಇಲ್ಲ, ಗೇಟಿನಾಚೆ ನಿಂತಿದ್ದ.

ಗಂಡಹೆಂಡಿರು ಆಸ್ಪತ್ರೆಗೆ ಹೊರಟರು. ಅಂಗಡಿಯ ಬೀದಿ ಬಂತು. ಟಿಣ್ ಟಿಣ್ ಶುರುವಾಯಿತು. ಆಗಲಿ ಸಾರ್ ಬ್ರೇಕಿನ ಮೇಲೆ ಕಾಲಿಟ್ಟು ಗಾಜಿನ ಕಿಟಕಿಯ ಕಡೆ ನೋಡಿದರು. ಅಂಗಡಿಗೆ ಇನ್ನೂ ಬೀಗ. ಒಳಗೆ ಸ್ಟೂಲಿನ ಮೇಲೆ ಗೊಂಬೆ ಇತ್ತು. ಬೀದಿಯ ಕಡೆ ಕೈ ಚಾಚಿ ಕೂತಿದ್ದ ಗೊಂಬೆ ಈಗ ಬೀದಿಗೆ ಬೆನ್ನು ಹಾಕಿ ಕೂತಿತ್ತು.

“ಏನ್ರೀ ನೋಡ್ತಿದ್ದೀರಾ?” ಎಂದಳು ಹಿಂದೆ ಮುದುರಿಕೊಂಡಿದ್ದ ಹೆಂಡತಿ.

“ಏನಿಲ್ಲ.”

“ಈ ಟಿಣ್ ಟಿಣ್ ನಿಲ್ಲಿಸಿ. ನಾನು ಬೆಲ್ಟು ಹಾಕಿದ್ದೀನಿ.”

“ನಿನಗಲ್ಲ ಅದು ಹೇಳ್ತಿರೋದು” ಎಂದರು ಆಗಲಿ ಸಾರ್. ಹೆಂಡತಿ ಪುಟ್ಟ ಸೀಟಿನಿಂದ ಆದಷ್ಟು ದೂರ, ಬಾಗಿಲಿಗೆ ಅಂಟಿಕೊಂಡಳು.

ಆಸ್ಪತ್ರೆಯ ಬಾಗಿಲಲ್ಲಿ ಬೀಗರ ಕಾರು ಹಡಗಿನ ಹಾಗೆ ನಿಂತಿತ್ತು. ಒಳಗೆ ಸಿಂಹಾಸನದಂಥ ಸೀಟು, ಮುಂದಕ್ಕೆ ಮುಖ. ಮಗಳು ಕೂಸನ್ನೆತ್ತಿಕೊಂಡು ಬಂದು ಬಗ್ಗಿ ಅದನ್ನೊಮ್ಮೆ ನೋಡಿದಳು. “ಮಾವ, ಇದು ಆಗಲ್ಲ” ಎಂದು ಅಪ್ಪನ ಕಾರಿನ ಕಡೆ ನಡೆದಳು. ಆಗಲಿ ಸಾರ್ ಹಿಂದಿನ ಬಾಗಿಲು ತೆರೆದರು. ಅಂಗಡಿಯ ಬೀದಿಯಿಂದ ಬಿಡದೆ ಬಡಿದುಕೊಂಡು ಬಂದಿದ್ದ ಗಂಟೆ, ಕೂಸು ಹತ್ತಿರ ಬಂದದ್ದೇ ತಡ, ನಿಂತುಹೋಯಿತು. ಹತ್ತಲು ಬಂದವರಿಗೆ ಜಾಗ ಬಿಟ್ಟುಕೊಟ್ಟು ಯಾರೋ ಇಳಿದುಹೋದ ಹಾಗೆ. ತೆರೆದ ಬಾಗಿಲಿನಿಂದ ತಣ್ಣನೆಯದೇನೋ ಅವರ ಕೈ ಸವರಿ ಆಚೆ ಹೋಯಿತು.

ಮಗಳು ಬೆಲ್ಟು ಎಳೆದು ನೋಡಿದಳು, ಗುಳ್ಳೆ ನೋಡಿದಳು, ಅಪ್ಪನ ಮುಖ ನೋಡಿದಳು. “ನೀನೇ ಕಟ್ಟಿದ್ದಾ ಅಪ್ಪಾ?”

ಅವರು ಉತ್ತರ ಕೊಡುವ ಮೊದಲೇ ಬೀಗರು ನಡುವೆ ಬಂದರು. ಸೋತರೂ ಸಿಮೆಂಟು ಸಿಮೆಂಟೇ. “ಆಯ್ತು ಬೀಗ್ರೇ, ನಿಮ್ಮ ಕಾರಲ್ಲೇ ಬರಲಿ, ನಿಮ್ಮ ಮನೇಲೇ ಇರಲಿ. ನಂದೊಂದೇ ಬೇಡಿಕೆ. ದಾರಿ ಪೂರ್ತಿ ಮೊಮ್ಮಗು ಮುಖ ನೋಡ್ಕೊಂಡು ಹೋಗ್ಬೇಕು ನಾವೆಲ್ಲ. ಇಷ್ಟು ದೂರಕ್ಕೆ ಏನೂ ಆಗಲ್ಲ. ಆ ಸೀಟು ಒಂದು ಸಲ ಮುಂದಕ್ಕೆ ತಿರುಗಿಸಿಬಿಡಿ.”

“ಹೌದು ರೀ” ಎಂದಳು ಹೆಂಡತಿ, ಸೀಟನ್ನು ಮುಟ್ಟದೆ. “ತಿರುಗಿಸಿಬಿಡಿ. ನನಗೆ ಅದು ಹಾಗಿರೋದು ನೋಡೋಕಾಗ್ತಿಲ್ಲ.”

“ನಿಮ್ಮ ಬಾಯಿಂದ ಇಲ್ಲ ಅನ್ನೋದು ಯಾರೂ ಕೇಳಿಲ್ಲ” ಎಂದು ಬೀಗರು ನಕ್ಕು ಅವರ ಹೆಗಲ ಮೇಲೆ ಕೈ ಹಾಕಿದರು. “ಎಲ್ಲಿ, ಆಗಲಿ ಅಂದುಬಿಡಿ.”

ಮಗಳು ಕೂಸಿನ ತಲೆಯ ಹಿಂದೆ ಅಂಗೈಯಿಟ್ಟು, ಅಪ್ಪನ ಬಾಯನ್ನೇ ನೋಡುತ್ತ ನಿಂತಳು. ಕ್ವಾರ್ಟರ್ಸಿನ ದಾರಿ ಅವಳ ಬೆನ್ನ ಹಿಂದೆಯೇ ಇತ್ತು.

ಆಗಲಿ ಸಾರ್ ಖಾಲಿ ಸೀಟನ್ನು ನೋಡಿದರು. ಗುಳ್ಳೆ ಕದಲದೆ ನಡುವೆ ನಿಂತಿತ್ತು.

“ಇಲ್ಲ” ಎಂದರು. “ತಿರುಗಿಸಲ್ಲ.”